‘ಶೆಡ್’: ಉಚ್ಚಾರ ಒಂದು, ಮೂಲ ಎರಡು

ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಾಗಲಿ, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆಯ ಆಸುಪಾಸಿನಲ್ಲಾಗಲಿ ಉದ್ದಿಮೆ ನಡೆಸುವವರ ಬಾಯಲ್ಲಿ ದಿನಕ್ಕೆ ಹತ್ತಾರು ಬಾರಿ ಬರುವ ಇಂಗ್ಲಿಷ್ ಪದ ‘ಶೆಡ್’. ಲೇತ್ ಯಂತ್ರ ನಿಂತಿರುವುದು ಶೆಡ್ಡಿನಲ್ಲಿ. ವಿದ್ಯುತ್ ಕಡಿತವಾದರೆ ಅದು ಲೋಡ್ ಶೆಡ್ಡಿಂಗ್. ಕಿವಿಗೆ ಎರಡೂ ಒಂದೇ ಪದವೆನಿಸಿದರೂ ಇವುಗಳ ಹುಟ್ಟು ಬೇರೆ ಬೇರೆ.

ಕಟ್ಟಡವನ್ನು ಸೂಚಿಸುವ ಶೆಡ್, ನೆರಳು ಎಂಬ ಅರ್ಥದ ‘ಶೇಡ್’ ಪದದ ರೂಪಾಂತರವೆಂಬುದು ನಿಘಂಟುಕಾರರ ಅಭಿಪ್ರಾಯ. 15ನೆಯ ಶತಮಾನದ ಕೊನೆಯ ವೇಳೆಗೆ ಅದು ಇಂಗ್ಲಿಷ್ ಬರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ. ಬಿಸಿಲು ಮಳೆಗೆ ಮರೆ ಎಂಬುದಷ್ಟೇ ಅದರ ತಾತ್ಪರ್ಯ. ಗೋಡೆ ಎಂಥದು, ಚಾವಣಿ ಎಂಥದು ಎಂಬುದನ್ನು ಪದ ತಿಳಿಸುವುದಿಲ್ಲ. ಕಾಂಕ್ರೀಟಿನ ಕಾರ್ಖಾನೆಯೂ ಶೆಡ್, ಶೀಟು ಹೊದಿಸಿದ ಮಾಡೂ ಶೆಡ್! ಆದಕಾರಣ ಬಾಡಿಗೆ ಕರಾರಿನಲ್ಲಿಯೂ ಅಗ್ನಿವಿಮೆಯ ಅರ್ಜಿಯಲ್ಲಿಯೂ ‘ಒಂದು ಶೆಡ್’ ಎಂದಷ್ಟೇ ಬರೆದು ಸಹಿ ಹಾಕುವುದು ಸೂಕ್ತವಲ್ಲ. ವಿಸ್ತೀರ್ಣ, ಗೋಡೆ ಮತ್ತು ಚಾವಣಿಯ ಸಾಮಗ್ರಿಗಳನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು.

ಎರಡನೆಯ ‘ಶೆಡ್’ ಹಳೆಯ ಇಂಗ್ಲಿಷಿನ ಕ್ರಿಯಾಪದ. ಬೇರ್ಪಡಿಸು, ಸೀಳು ಎಂದು ಅದರ ಅರ್ಥ. ಇದೇ ಅರ್ಥದ ಜರ್ಮನ್ ‘ಷೈಡನ್’ ಅದರ ಬಂಧು. ಮರ ಎಲೆ ಉದುರಿಸುವುದು, ಹಾವು ಪೊರೆ ಕಳಚುವುದು ಎಲ್ಲವೂ ಇದರ ಕುಟುಂಬ. ಬಿನ್ನಿ ಮಿಲ್ಲಿನ ನೆನಪಿರುವ ನಮ್ಮ ಭಾಗದ ಹಿರಿಯರಿಗೆ ಇದರ ಇನ್ನೊಂದು ಪ್ರಯೋಗವೂ ಪರಿಚಿತವಿರಬಹುದು. ಮಗ್ಗದಲ್ಲಿ ಹಾಸಿನ ಎಳೆಗಳು ಮೇಲೆ ಕೆಳಗೆ ಬೇರ್ಪಟ್ಟು ಲಾಳಿ ಹಾಯಲು ಉಂಟಾಗುವ ಸಂದಿಗೂ ‘ಶೆಡ್’ ಎಂದೇ ಹೆಸರು. ಶೆಡ್ಡಿನೊಳಗೊಂದು ಶೆಡ್!

ಲೋಡ್ ಶೆಡ್ಡಿಂಗ್ ಸಹ ಬೇರ್ಪಡಿಸುವಿಕೆಯೇ. ಬೇಡಿಕೆ ಪೂರೈಕೆಯನ್ನು ಮೀರಿ ಜಾಲದ ಆವರ್ತನ 50 ಹರ್ಟ್ಜ್‌ಗಿಂತ ಬಹಳ ಕೆಳಗಿಳಿಯುವಂತಾದರೆ, ಇಡೀ ಜಾಲವೇ ಕುಸಿಯದಿರಲೆಂದು ಕೆಲವು ಫೀಡರುಗಳನ್ನು ಉದ್ದೇಶಪೂರ್ವಕವಾಗಿ ಕಳಚಲಾಗುತ್ತದೆ. ಮರ ಬಿದ್ದೋ ಕೇಬಲ್ ಸುಟ್ಟೋ ಕರೆಂಟ್ ಹೋದರೆ ಅದು ಶೆಡ್ಡಿಂಗ್ ಅಲ್ಲ. ಮಾತಿನಲ್ಲಿ ಈ ಭೇದವನ್ನು ಯಾರೂ ಪಾಲಿಸುವುದಿಲ್ಲ, ಪಾಲಿಸಬೇಕಾಗಿಯೂ ಇಲ್ಲ. ಆದರೆ ಸರಬರಾಜು ಒಪ್ಪಂದದಲ್ಲಿ ವಿಳಂಬಕ್ಕೆ ವಿನಾಯಿತಿ ‘ಲೋಡ್ ಶೆಡ್ಡಿಂಗ್’ಗೆ ಮಾತ್ರ ಎಂದಿದ್ದರೆ, ಕೇಬಲ್ ಸುಟ್ಟ ದಿನಗಳ ದಂಡವನ್ನು ಗ್ರಾಹಕರು ಕೇಳಲು ಅವಕಾಶವಾಗುತ್ತದೆ. ‘ಯಾವುದೇ ಕಾರಣದಿಂದಾದ ವಿದ್ಯುತ್ ನಿಲುಗಡೆ’ ಎಂದು ಬರೆಸಿಕೊಳ್ಳುವುದು ಲೇಸು.

ಇನ್ನು ‘ವಾಟರ್‌ಶೆಡ್’. ನಮ್ಮ ಸರ್ಕಾರಿ ಕನ್ನಡದಲ್ಲಿ ಇದು ಜಲಾನಯನ, ಅಂದರೆ ನೀರು ಹರಿದು ಸೇರುವ ಪ್ರದೇಶ. ಮೂಲಾರ್ಥ ಮಾತ್ರ ನೀರನ್ನು ಎರಡು ದಿಕ್ಕಿಗೆ ಸೀಳುವ ದಿಣ್ಣೆ. ಬೆಂಗಳೂರು ನಿಂತಿರುವುದೇ ಅಂಥ ದಿಣ್ಣೆಯ ಮೇಲೆ. ಪೂರ್ವದ ನೀರು ದಕ್ಷಿಣ ಪಿನಾಕಿನಿಯ ಕಡೆಗೆ ಇಳಿದರೆ, ರಾಜಾಜಿನಗರ, ವಿಜಯನಗರ, ಕೆಂಗೇರಿಗಳ ನೀರು ವೃಷಭಾವತಿಯ ಪಾಲು. ಲೋಹಲೇಪನ ಘಟಕದಿಂದ ಸಂಸ್ಕರಿಸದೆ ಮೋರಿಗೆ ಬಿಟ್ಟ ಆಮ್ಲ ಕೆಂಗೇರಿಯನ್ನು ದಾಟಿ ಬೈರಮಂಗಲದ ಕೆರೆಗೆ, ಅಲ್ಲಿಂದ ಅರ್ಕಾವತಿಗೆ, ಕಡೆಗೆ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ.