ವೈಫೈ ಕಡ್ಡಿ ಫುಲ್ ಇದ್ದರೂ ಪ್ರಿಂಟರ್ ಸಿಗುತ್ತಿಲ್ಲವೇ? ಹೊಸ ರೂಟರ್ ಕೊಳ್ಳುವ ಮುನ್ನ ಇದನ್ನು ಓದಿ

"ನೆಟ್ ಬಂದು ಹೋಗುತ್ತಿದ್ದರೆ ರೂಟರ್ ಆಫ್ ಮಾಡಿ ಆನ್ ಮಾಡಿ. ಆಗಲೂ ಸರಿಯಾಗದಿದ್ದರೆ ಅದು ಕೆಟ್ಟಿದೆ, ಹೊಸದು ಕೊಳ್ಳಿ." ಇಂಥ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಕಾಣುತ್ತದೆ. ಇದು ನಿಜವೇ? ಅರ್ಧ ಮಾತ್ರ. ಉಳಿದರ್ಧವನ್ನು ನಂಬಿ ಜನ ಸುಮ್ಮನೆ ದುಡ್ಡು ಕಳೆದುಕೊಳ್ಳುತ್ತಾರೆ.

ಸಿಗ್ನಲ್ ಬೇರೆ, ದಾರಿ ಬೇರೆ

2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯೇ? ಸುಮಾರು 9 ಗಂಟೆಗೆ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ನಿಂತುಹೋದವು. ನಮ್ಮ ಫೋನುಗಳಲ್ಲಿ ಸಿಗ್ನಲ್ ಪೂರ್ತಿ ಇತ್ತು. ಆದರೆ ಕಂಪನಿಯೊಳಗೆ ನಿರ್ವಹಣೆ ವೇಳೆ ಆದ ತಪ್ಪಿನಿಂದ, ಅದರ ಸರ್ವರ್‌ಗಳಿಗೆ ಹೋಗುವ ದಾರಿಯ ಮಾಹಿತಿಯೇ ಇಂಟರ್‌ನೆಟ್‌ನಿಂದ ಮಾಯವಾಗಿತ್ತು. ಸರಿಯಾಗಲು ಸುಮಾರು 6 ಗಂಟೆ ಬೇಕಾಯಿತು.

ಅಂದರೆ ಕಡ್ಡಿಗಳು ಹೇಳುವುದು ಫೋನಿನಿಂದ ರೂಟರ್‌ವರೆಗಿನ ಕಥೆ ಮಾತ್ರ. ಅಲ್ಲಿಂದ ಮುಂದೆ ದಾರಿ ಇದೆಯೇ ಎಂಬುದು ಬೇರೆ ಪ್ರಶ್ನೆ.

ಒಂದೇ ನಂಬರಿನ ಎರಡು ಮನೆ

ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂಥ ಊರಿನ ಒಂದು ಶಾಲೆ ಎಂದುಕೊಳ್ಳಿ. ಆಫೀಸಿನಲ್ಲಿ ಫೈಬರ್ ರೂಟರ್ ಮತ್ತು ಪ್ರಿಂಟರ್, ಕಂಪ್ಯೂಟರ್ ಕೋಣೆಯಲ್ಲಿ ಸಿಮ್ ಹಾಕುವ ರೂಟರ್, ನಡುವೆ ಒಂದು ಕೇಬಲ್. ಬೆಳಿಗ್ಗೆ ಪ್ರಿಂಟ್ ಬರುತ್ತದೆ, ಮಧ್ಯಾಹ್ನ ಬರುವುದಿಲ್ಲ. ನಾಳೆಯೇ ಪರೀಕ್ಷೆಯ ಹಾಲ್ ಟಿಕೆಟ್ ತೆಗೆಯಬೇಕು.

ಬಹಳಷ್ಟು ರೂಟರ್‌ಗಳು ಕಂಪನಿಯಿಂದ ಬರುವಾಗಲೇ 192.168.1.1 ಎಂಬ ವಿಳಾಸ ಹೊತ್ತು ಬರುತ್ತವೆ. 192.168ರಿಂದ ಶುರುವಾಗುವ ನಂಬರುಗಳನ್ನು 1990ರ ದಶಕದಲ್ಲೇ ಮನೆ-ಕಚೇರಿಗಳ ಒಳಬಳಕೆಗೆಂದು ಮೀಸಲಿಡಲಾಗಿದೆ. ಯಾರು ಬೇಕಾದರೂ ಬಳಸಬಹುದು. ಹಾಗಾಗಿ ಎರಡೂ ರೂಟರ್ ಒಂದೇ ಹೆಸರಲ್ಲಿ ಕೂತು, ಒಂದೇ ಪಟ್ಟಿಯಿಂದ ಸಾಧನಗಳಿಗೆ ನಂಬರ್ ಹಂಚುತ್ತವೆ. ಪ್ರಿಂಟರಿಗೂ ಒಂದು ಫೋನಿಗೂ 192.168.1.5 ಸಿಕ್ಕಿಬಿಡಬಹುದು. ಒಂದೇ ಊರಲ್ಲಿ 5ನೇ ನಂಬರಿನ ಎರಡು ಮನೆ ಇದ್ದರೆ ಅಂಚೆಯಣ್ಣ ಕಾಗದ ಎಲ್ಲಿಗೆ ಕೊಡಬೇಕು?

ಹಾಗಾದರೆ ಆಫ್-ಆನ್ ಮಾಡಿದಾಗ ಸರಿಯಾಗುವುದೇಕೆ?

ಸಾಧನಗಳು ಮತ್ತೆ ನಂಬರ್ ಕೇಳುತ್ತವೆ. ಯಾವ ರೂಟರ್ ಮೊದಲು ಉತ್ತರ ಕೊಟ್ಟಿತೋ ಅದರ ನಂಬರ್ ಸಿಗುತ್ತದೆ. ಅದೃಷ್ಟವಿದ್ದರೆ ಈ ಸಲ ಡಿಕ್ಕಿಯಿಲ್ಲ. ಮೂಲ ತೊಂದರೆ ಹಾಗೇ ಉಳಿದಿರುವುದರಿಂದ ನಾಳೆ ಮತ್ತೆ ಅದೇ ಗೋಳು. ಹೊಸ ರೂಟರ್ ತಂದರೆ ಅದೂ ಅದೇ ವಿಳಾಸದೊಂದಿಗೆ ಬರಬಹುದು!

ನೀವೇ ಹೀಗೆ ಪರೀಕ್ಷಿಸಿ

1. ಎರಡೂ ವೈಫೈಗೆ ಒಂದೊಂದಾಗಿ ಸೇರಿ, ಫೋನಿನ ವೈಫೈ ಸೆಟ್ಟಿಂಗ್‌ನಲ್ಲಿ 'ಐಪಿ ಅಡ್ರೆಸ್' ಮತ್ತು 'ಗೇಟ್‌ವೇ' ಬರೆದಿಟ್ಟುಕೊಳ್ಳಿ. ಎರಡೂ ಕಡೆ ಗೇಟ್‌ವೇ ಒಂದೇ ಆಗಿದ್ದರೆ ಡಿಕ್ಕಿಯ ಸಾಧ್ಯತೆ ಹೆಚ್ಚು.

2. ಕಂಪ್ಯೂಟರಿನಿಂದ 'ಪಿಂಗ್' ಮಾಡಿ: ಮೊದಲು ಹತ್ತಿರದ ರೂಟರ್, ನಂತರ ಆ ಕಡೆಯ ರೂಟರ್, ಕೊನೆಗೆ ಪ್ರಿಂಟರ್. ಉತ್ತರ ಎಲ್ಲಿ ನಿಲ್ಲುತ್ತದೋ ತೊಂದರೆ ಅಲ್ಲಿಯೇ ಹುಡುಕಿ.

3. ಇಂಟರ್‌ನೆಟ್‌ಗೆ ಒಂದೇ ಸಂಪರ್ಕ ಸಾಕೆಂದಾದರೆ, ಎರಡನೇ ರೂಟರಿಗೆ ಬೇರೆ ವಿಳಾಸ ಕೊಟ್ಟು 'ಆಕ್ಸೆಸ್ ಪಾಯಿಂಟ್' ಮೋಡ್‌ಗೆ ಹಾಕಿ. ಆಗ ನಂಬರ್ ಹಂಚುವವರು ಒಬ್ಬರೇ.

4. ಎರಡು ಜಾಲ ಬೇರೆಬೇರೆಯೇ ಇರಬೇಕೆಂದರೆ, ಒಂದಕ್ಕೆ 192.168.2 ಸರಣಿ ಕೊಡಿ, ಮತ್ತು ತಿಳಿದವರಿಂದ ಎರಡೂ ರೂಟರ್‌ಗಳಲ್ಲಿ 'ಸ್ಟ್ಯಾಟಿಕ್ ರೂಟ್' ಬರೆಸಿ. ಒಂದರಲ್ಲಷ್ಟೇ ಬರೆದರೆ ಕಾಗದ ಹೋಗುತ್ತದೆ, ಉತ್ತರ ವಾಪಸ್ ಬರುವುದಿಲ್ಲ.

5. ಪ್ರಿಂಟರಿಗೆ ಬದಲಾಗದ ನಂಬರ್ ಕಾಯ್ದಿರಿಸಿ.

ಎಚ್ಚರಿಕೆ

ನೆಟ್ ಸರಿಮಾಡುತ್ತೇವೆಂದು ಅಪರಿಚಿತರು ಫೋನ್ ಮಾಡಿ ಸ್ಕ್ರೀನ್ ಹಂಚುವ ಆ್ಯಪ್ ಹಾಕಿಸಿದರೆ ಒಪ್ಪಬೇಡಿ. ಬ್ಯಾಂಕಿನ ಒಟಿಪಿಯೂ ಅವರಿಗೆ ಕಾಣುತ್ತದೆ. ಫೈರ್‌ವಾಲ್ ಶಾಶ್ವತವಾಗಿ ಆಫ್ ಮಾಡಿ ಎಂಬ ಸಲಹೆಯನ್ನೂ ಪಾಲಿಸಬೇಡಿ.

ಒಟ್ಟಾರೆ: ಆಫ್-ಆನ್ ಮಾಡುವುದು ತಾತ್ಕಾಲಿಕ ಉಪಾಯ, ತಪ್ಪೇನಿಲ್ಲ. ಆದರೆ "ಬಂದು ಹೋಗುತ್ತಿದೆ, ಹಾಗಾಗಿ ರೂಟರ್ ಕೆಟ್ಟಿದೆ" ಎಂಬುದು ಪೂರ್ತಿ ನಿಜವಲ್ಲ. ಆ ಸಲಹೆ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಮೊದಲು ಗೇಟ್‌ವೇ ನೋಡಲು ಹೇಳಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.