ಕರೆಂಟಿಗೆ ಪರ್ಮಿಟ್ಟುಂಟು, ಗ್ಯಾಸಿಗಿಲ್ಲ

ಮಾರ್ಚ್ ಮುಗಿಯುವ ಹೊತ್ತಿಗೆ ಮೈಸೂರಿನ ಕುವೆಂಪುನಗರ, ವಿಜಯನಗರ, ಬೋಗಾದಿ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ಎರಡೇ ಪ್ರಶ್ನೆ. “ಗ್ಯಾಸ್ ತುಂಬ್ಸೋಕೆ ಎಷ್ಟಾಗತ್ತೆ?”, “ಇವತ್ತೇ ಬರ್ತೀರಾ?” ಲೈಸೆನ್ಸ್ ಇದೆಯೇ ಎಂದು ಕೇಳುವವರು ಅಪರೂಪ. ಕೇಳಿದರೂ ಒಂದೇ ಮಾತಿನಲ್ಲಿ ಉತ್ತರ ಹೇಳಲಾಗದು. ಐಟಿಐನಲ್ಲಿ ಫ್ರಿಜ್ಜು-ಎಸಿ ಮೆಕ್ಯಾನಿಕ್ ಟ್ರೇಡ್ ಓದಿ, ಉಸ್ತಾದರೊಬ್ಬರ ಕೈಕೆಳಗೆ ಪಳಗಿ, ಈಗ ಹುಡುಗರನ್ನಿಟ್ಟುಕೊಂಡು ಸ್ವಂತ ಅಂಗಡಿ ನಡೆಸುತ್ತಿದ್ದೇನೆ. ಅಂಗಡಿಯ ಗೋಡೆಯಲ್ಲಿ ಕಟ್ಟು ಹಾಕಿಸಿದ ಕಾಗದಗಳು ಸಾಲಾಗಿವೆ. ಆದರೆ ಈ ಮನುಷ್ಯ ಎಸಿ ಬಿಚ್ಚಿ ಗ್ಯಾಸ್ ತುಂಬಲು ಅರ್ಹ ಎನ್ನುವ ಸರ್ಕಾರಿ ಪರವಾನಗಿ ಅವುಗಳಲ್ಲಿಲ್ಲ. ಎಸಿ ಮೆಕ್ಯಾನಿಕ್‌ಗೆಂದೇ ಕಡ್ಡಾಯ ಪರವಾನಗಿ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ.

ಹಾಗಾದರೆ ಗೋಡೆಯ ಮೇಲಿರುವುದು ಏನು?

ಅಂಗಡಿಗೆ ಸಂಬಂಧಿಸಿದ್ದು

ಮೊದಲನೆಯದು ಮೈಸೂರು ಮಹಾನಗರಪಾಲಿಕೆಯ ಟ್ರೇಡ್ ಲೈಸೆನ್ಸ್. 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ ಪಡೆದು, ಕಾಲಕಾಲಕ್ಕೆ ನವೀಕರಿಸಿಕೊಳ್ಳಬೇಕು. ಪಾಲಿಕೆ ನೋಡುವುದು ಜಾಗ, ಕಸ, ಅಕ್ಕಪಕ್ಕದವರಿಗೆ ಆಗಬಹುದಾದ ತೊಂದರೆ ಇಂಥವನ್ನು. ಎರಡನೆಯದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಕಾರ್ಮಿಕ ಇಲಾಖೆಯ ನೋಂದಣಿ. ಅದು ನೋಡುವುದು ಹುಡುಗರ ರಜೆ, ಕೆಲಸದ ಹೊತ್ತು. ಮೂರನೆಯದು ಜಿಎಸ್‌ಟಿ. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. ನಾಮಫಲಕಕ್ಕೂ ನಿಯಮವಿದೆ. 2024ರ ತಿದ್ದುಪಡಿಯಂತೆ ಬೋರ್ಡಿನ ಶೇ 60 ಭಾಗ ಕನ್ನಡವಿರಬೇಕು.

ಇವೆಲ್ಲ ಬೇಕಾದ ಕಾಗದಗಳೇ. ಆದರೆ ನನಗೆ ಎಸಿ ಪೈಪು ಜೋಡಿಸುವ ಫ್ಲೇರ್ ನಟ್ ಸರಿಯಾಗಿ ಬಿಗಿಯಲು ಬರುತ್ತದೆಯೇ ಎಂದು ಇವುಗಳಲ್ಲಿ ಒಂದೂ ಕೇಳುವುದಿಲ್ಲ. ಟ್ರೇಡ್ ಲೈಸೆನ್ಸ್ ತೋರಿಸಿ “ನಾವು ಸರ್ಕಾರದಿಂದ ಲೈಸೆನ್ಸ್ ಪಡೆದವರು” ಎನ್ನುವವರಿದ್ದಾರೆ. ಆ ಮಾತು ಸುಳ್ಳಲ್ಲ, ಆದರೆ ಅಷ್ಟನ್ನೇ ನಂಬಿ ಮನೆಯ ಗೋಡೆ ಕೊರೆಸಬೇಡಿ.

ಕರೆಂಟಿನ ಕೆಲಸ

ಕೈಕೆಲಸವನ್ನು ನಿಜವಾಗಿ ಪರೀಕ್ಷಿಸುವ ಪರವಾನಗಿ ಇರುವುದು ಕರೆಂಟಿಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲಿ ಬಂದವು, 2023ರಲ್ಲಿ ಹೊಸದಾದವು. ಅವುಗಳ ಸಾರ ಇಷ್ಟು: ವೈರಿಂಗ್ ಕೆಲಸವನ್ನು ಪರವಾನಗಿಯುಳ್ಳ ಗುತ್ತಿಗೆದಾರರೇ ವಹಿಸಿಕೊಳ್ಳಬೇಕು, ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಎದುರಿಗಿರಬೇಕು, ಕೆಲಸ ಮಾಡುವವನ ಕೈಯಲ್ಲಿ ಪರ್ಮಿಟ್ ಇರಬೇಕು. ಕರ್ನಾಟಕದಲ್ಲಿ ಇವನ್ನು ಕೊಡುವುದು ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸಿಂಗ್ ಬೋರ್ಡ್.

ಇದಕ್ಕೊಂದು ವಿನಾಯಿತಿಯಿದೆ, ಅದನ್ನು ಮನೆಯವರು ತಿಳಿದಿರಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಮತ್ತು 250 ವೋಲ್ಟ್ ಮೀರದ ಗೃಹೋಪಕರಣಗಳನ್ನು, ಸಾಮರ್ಥ್ಯ ಹೆಚ್ಚಾಗದಂತೆ ಬದಲಿಸುವುದಾದರೆ ಪರವಾನಗಿ ಬೇಡ. ಹಳೆಯ ಒಂದೂವರೆ ಟನ್ ಎಸಿ ಇಳಿಸಿ, ಅದೇ ಪಾಯಿಂಟಿಗೆ ಅಷ್ಟೇ ಟನ್ನಿನದು ಹಾಕಿದರೆ ಈ ವಿನಾಯಿತಿಯೊಳಗೇ ಬರುತ್ತದೆ. ಮೀಟರ್ ಬೋರ್ಡಿನಿಂದ ಹೊಸ ವೈರ್ ಎಳೆದು, ಹೊಸ ಎಂಸಿಬಿ ಕೂರಿಸಿದರೆ ಬರುವುದಿಲ್ಲ. ಅಂಥ ಕೆಲಸಕ್ಕೆ ನಾನು ಪರವಾನಗಿಯಿರುವ ಗುತ್ತಿಗೆದಾರರನ್ನೇ ಕರೆಸುತ್ತೇನೆ. “ಒಂದು ವೈರ್ ಎಳೆಯೋಕೂ ಬೇರೆಯವರು ಬೇಕಾ ಸಾರ್?” ಅಂತ ಗಿರಾಕಿಗಳು ಗೊಣಗುತ್ತಾರೆ. ಸರಸ್ವತಿಪುರದಂಥ ಬಡಾವಣೆಯ ಎಷ್ಟೋ ಹಳೆಯ ಮನೆಗಳಲ್ಲಿ ಅರ್ಥಿಂಗ್ ಎನ್ನುವುದು ಮೂರು ತೂತಿನ ಸಾಕೆಟ್ಟಿನಲ್ಲಷ್ಟೇ ಇರುತ್ತದೆ, ಹಿಂದೆ ತಂತಿಯೇ ಇರುವುದಿಲ್ಲ. ಮೆಗ್ಗರ್ ಹಿಡಿದು ಅಳೆಯುವವನು ಬಂದಾಗಲೇ ಅದು ಬಯಲಾಗುವುದು.

ಜೊತೆಗೆ ಲೋಡ್ ಲೆಕ್ಕ. ಸೆಸ್ಕ್ ಕೊಡುವ ಕರೆಂಟ್ ಬಿಲ್ಲಿನಲ್ಲಿ ಆರ್‌ಆರ್ ನಂಬರಿನ ಜೊತೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಇರುತ್ತದೆ. ಒಂದೂವರೆ ಟನ್ ಎಸಿ ಜೋರಾಗಿ ಓಡುವಾಗ ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ, ಗೀಸರ್ ಎರಡು. ಮೂರು ಕಿಲೋವ್ಯಾಟಿನ ಮನೆಗೆ ಎರಡು ಎಸಿ ಹಾಕಿಸುವವರು ಮೊದಲು ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಬೇಕು. ಇಲ್ಲದಿದ್ದರೆ ದಂಡದ ಶುಲ್ಕವನ್ನೂ ಬಿಸಿಯಾಗುವ ವೈರನ್ನೂ ಒಟ್ಟಿಗೇ ಎದುರಿಸಬೇಕಾಗುತ್ತದೆ.

ಗೋಡೆ ಯಾರದು?

ಔಟ್‌ಡೋರ್ ಯೂನಿಟ್ ತೂಗುಹಾಕುವ ಗೋಡೆಗೂ ಅಪ್ಪಣೆ ಬೇಕಾಗಬಹುದು. ಅಪಾರ್ಟ್‌ಮೆಂಟಿನ ಹೊರಗೋಡೆ ಎಲ್ಲರಿಗೂ ಸೇರಿದ್ದು, ಸಂಘದ ಒಪ್ಪಿಗೆ ಪತ್ರವಿಲ್ಲದೆ ನಾನು ಬ್ರಾಕೆಟ್ ಹೊಡೆಯುವುದಿಲ್ಲ. ಮೈಸೂರಿನಲ್ಲಿ ಇನ್ನೂ ಒಂದಿದೆ. ಪಾರಂಪರಿಕ ಕಟ್ಟಡಗಳ ಪಟ್ಟಿಯಲ್ಲಿರುವ ಕಟ್ಟಡದ ಹೊರಮೈ ಮುಟ್ಟುವ ಮೊದಲು ಪಾರಂಪರಿಕ ಸಮಿತಿಯವರನ್ನು ಕೇಳಬೇಕು. ನೂರು ವರ್ಷದ ಗಾರೆ ಗೋಡೆ ಡ್ರಿಲ್ಲಿಂಗ್ ಮಷೀನಿನ ಅದುರು ತಾಳುವಂಥದ್ದಲ್ಲ ಎನ್ನುವುದಕ್ಕೆ ಸಮಿತಿಯೇ ಬೇಕೆಂದಿಲ್ಲ, ಒಳ್ಳೆಯ ಗಾರೆ ಕೆಲಸದವರೂ ಹೇಳಿಯಾರು.

ಬಿಸಿಯ ಕಡೆ

ಚಳಿಗೆ ಮನೆ ಬಿಸಿಮಾಡಿಕೊಳ್ಳುವ ಊರಲ್ಲ ನಮ್ಮದು. ಇಲ್ಲಿ ಬಿಸಿ ಎಂದರೆ ಸ್ನಾನದ ನೀರು. 2007ರಲ್ಲಿ ರಾಜ್ಯ ಸರ್ಕಾರ ನಿಗದಿತ ಅಳತೆ ಮೀರಿದ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿತು. ಹೊಸ ವಿದ್ಯುತ್ ಸಂಪರ್ಕಕ್ಕೂ ಅದಕ್ಕೂ ಗಂಟು ಬಿತ್ತು. ಹೀಟರ್ ಇಡುವುದು ಕಡ್ಡಾಯವಾಯಿತು, ಇಡುವವನಿಗೆ ಅರ್ಹತೆ ಕಡ್ಡಾಯವಾಗಲಿಲ್ಲ.

ಹಬೆಯ ವಿಷಯ ಬೇರೆ. 25 ಲೀಟರ್ ಮೀರಿದ, ಒತ್ತಡದಲ್ಲಿ ಹಬೆ ಉಂಟುಮಾಡುವ ಬಾಯ್ಲರ್ ಕಾರ್ಖಾನೆಯಲ್ಲಿರಲಿ ಆಸ್ಪತ್ರೆಯಲ್ಲಿರಲಿ, ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯಲ್ಲಿ ನೋಂದಣಿಯಾಗಬೇಕು, ತಪಾಸಣೆಯಾಗಬೇಕು. ಅದನ್ನು ನೋಡಿಕೊಳ್ಳುವ ಅಟೆಂಡೆಂಟ್‌ಗೂ ಪರೀಕ್ಷೆ ಪಾಸಾದ ಪ್ರಮಾಣಪತ್ರ ಬೇಕು. 1923ರ ಕಾಯ್ದೆ ಹೋಗಿ 2025ರಲ್ಲಿ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಒತ್ತಡದ ಪಾತ್ರೆ ಸಿಡಿದರೆ ಜೀವ ಹೋಗುತ್ತದೆ ಎನ್ನುವುದು ನೂರು ವರ್ಷದ ಹಿಂದೆಯೇ ಕಾನೂನಿಗೆ ತಿಳಿದಿತ್ತು.

ಕೇಳುವವರಿಲ್ಲದ ಗ್ಯಾಸು

ಎಸಿಯ ಕಂಪ್ರೆಸರೂ ಒತ್ತಡದ ಪಾತ್ರೆಯೇ. ಲೀಕ್ ಪತ್ತೆಗೆ ನೈಟ್ರೋಜನ್ ಬದಲು ಆಕ್ಸಿಜನ್ ತುಂಬಿದರೆ ಒಳಗಿನ ಎಣ್ಣೆಯ ಜೊತೆ ಸೇರಿ ಸ್ಫೋಟವಾಗುತ್ತದೆ. ಸಂದು ಬಿಟ್ಟ ಪೈಪಿನಿಂದ ಗಾಳಿ ಎಳೆದುಕೊಳ್ಳುತ್ತಿರುವಾಗ ಪಂಪ್‌ಡೌನ್ (ಗ್ಯಾಸನ್ನೆಲ್ಲ ಔಟ್‌ಡೋರ್ ಯೂನಿಟ್ಟಿಗೆ ಎಳೆದಿಡುವುದು) ಮಾಡಿದರೂ ಕಂಪ್ರೆಸರ್ ಸಿಡಿಯಬಹುದು.

ಗ್ಯಾಸೂ ಬದಲಾಗಿದೆ. ನಾನು ಕಲಿತದ್ದು ಆರ್-22ರ ಮೇಲೆ. ಅದು ಹೊತ್ತಿಕೊಳ್ಳುವುದಿಲ್ಲ, ಆದರೆ ಓಝೋನ್ ಪದರಕ್ಕೆ ಕಂಟಕ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ಸೇರಿದ್ದು 1992ರಲ್ಲಿ. 2000ದಲ್ಲಿ ನಮ್ಮದೇ ನಿಯಮಗಳು ಬಂದವು, 2025ರಿಂದ ಹೊಸ ಯಂತ್ರಗಳಲ್ಲಿ ಆರ್-22 ಜಾತಿಯ ಗ್ಯಾಸಿಗೆ ನಿಷೇಧ. ಈಗ ಮನೆ ಎಸಿಗಳಲ್ಲಿ ಹೆಚ್ಚಾಗಿರುವುದು ಆರ್-32, ಕೆಲವದರಲ್ಲಿ ಆರ್-290. ಮೊದಲನೆಯದು ನಿಧಾನವಾಗಿ ಹೊತ್ತಿಕೊಳ್ಳುವ ಗ್ಯಾಸು, ಎರಡನೆಯದು ಪ್ರೊಪೇನ್, ಅಂದರೆ ಅಡುಗೆ ಅನಿಲದ ನೆಂಟ. ಆರ್-32ರ ಒತ್ತಡ ಆರ್-22ಕ್ಕಿಂತ ಬಹಳ ಹೆಚ್ಚು. ಹಳೆಯ ಯಂತ್ರಕ್ಕೆ ಹೊಸ ಗ್ಯಾಸ್ ತುಂಬುವುದು ಅಪಾಯವನ್ನು ಮನೆಗೆ ಕರೆದಂತೆ.

ಇಷ್ಟಾದರೂ ಅಂಗಡಿಯಲ್ಲಿ ದುಡ್ಡು ಕೊಟ್ಟರೆ ಸಿಲಿಂಡರ್ ಸಿಗುತ್ತದೆ, ನಿನ್ನ ಸರ್ಟಿಫಿಕೇಟ್ ಎಲ್ಲಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಅಮೆರಿಕದಲ್ಲಿ ಶುದ್ಧ ಗಾಳಿ ಕಾಯ್ದೆಯ 608ನೇ ಸೆಕ್ಷನ್ ಪ್ರಕಾರ ಪರೀಕ್ಷೆ ಪಾಸಾಗದವನು ಇಂಥ ಗ್ಯಾಸಿನ ಪೈಪು ಬಿಚ್ಚುವಂತಿಲ್ಲ, ಗ್ಯಾಸ್ ಕೊಳ್ಳಲೂ ಸರ್ಟಿಫಿಕೇಟ್ ಬೇಕು. ಯುರೋಪಿನಲ್ಲೂ ಇಂಥದ್ದೇ ನಿಯಮ. ನಮ್ಮಲ್ಲಿ 2019ರ ಇಂಡಿಯಾ ಕೂಲಿಂಗ್ ಆಕ್ಷನ್ ಪ್ಲಾನ್ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತು. ತರಬೇತಿ ಒಳ್ಳೆಯದೇ, ಆದರೆ ಅದು ಇಷ್ಟವಿದ್ದವರಿಗೆ.

ಮನೆಯವರು ಕೇಳಬೇಕಾದ್ದು

ಆದ್ದರಿಂದ ಸದ್ಯಕ್ಕೆ ಪರೀಕ್ಷೆ ಮಾಡುವವರು ನೀವೇ. ವ್ಯಾಕ್ಯೂಮ್ ಪಂಪ್ ತಂದಿದ್ದೀರಾ ಎಂದು ಮೊದಲು ಕೇಳಿ. ಗ್ಯಾಸನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರಹಾಕುತ್ತೇನೆ ಎನ್ನುವವನನ್ನು ಬಾಗಿಲಿಂದಲೇ ಕಳಿಸಿ. ಗ್ಯಾಸನ್ನು ತೂಕದ ಯಂತ್ರದ ಮೇಲಿಟ್ಟು ತುಂಬಬೇಕು. ಯಾವ ಗ್ಯಾಸು, ಎಷ್ಟು ಗ್ರಾಂ ಎಂದು ಔಟ್‌ಡೋರಿನ ಪಟ್ಟಿಯಲ್ಲಿಯೇ ಬರೆದಿರುತ್ತದೆ. “ವರ್ಷಾ ವರ್ಷಾ ಗ್ಯಾಸ್ ತುಂಬ್ಸಿ” ಎನ್ನುವವನಿಗೆ “ಗ್ಯಾಸ್ ಎಲ್ಲಿಗೆ ಹೋಯ್ತಪ್ಪಾ?” ಎಂದು ಕೇಳಿ. ಸೋರದೆ ಗ್ಯಾಸ್ ಕಡಿಮೆಯಾಗುವುದಿಲ್ಲ. ಹೊಸ ವೈರಿಂಗ್ ಇದ್ದರೆ ಗುತ್ತಿಗೆದಾರರ ಲೈಸೆನ್ಸ್ ನಂಬರ್ ಬರೆಸಿಕೊಳ್ಳಿ. ಮೂರನೇ ಮಹಡಿಯ ಸಜ್ಜೆಯ ಮೇಲೆ ನಿಲ್ಲುವ ಹುಡುಗನಿಗೆ ಸೇಫ್ಟಿ ಬೆಲ್ಟ್ ಇದೆಯೇ ಎಂದೂ ನೋಡಿ.

ಗ್ಯಾಸಿಗೂ ಪರ್ಮಿಟ್ ಬರಲಿ ಎಂದರೆ ನಮ್ಮ ಕಸುಬಿನವರೇ ಕೆಲವರು ಸಿಟ್ಟಾಗುತ್ತಾರೆ. “ಇನ್ನೊಂದು ಆಫೀಸು, ಇನ್ನೊಂದಷ್ಟು ಕೈಬಿಸಿ” ಎನ್ನುತ್ತಾರೆ. ನನ್ನ ಉಸ್ತಾದರು ಮೂರನೇ ಕ್ಲಾಸಿನವರೆಗೆ ಓದಿದವರು, ಕಂಪ್ರೆಸರಿನ ಸದ್ದು ಕೇಳಿಯೇ ರೋಗ ಹೇಳುತ್ತಿದ್ದರು. ಅಂಥವರನ್ನು ಬರವಣಿಗೆಯ ಪರೀಕ್ಷೆಗೆ ಕೂರಿಸಿದರೆ ಸೋಲುವುದು ಪರೀಕ್ಷೆಯೇ. ಆ ಆತಂಕ ನನಗೂ ಇದೆ. ಆದರೆ ದಾರಿಯಿಲ್ಲವೆಂದಲ್ಲ. ಕೆಲಸದಲ್ಲೇ ಕಲಿತವರ ಕೌಶಲವನ್ನು ಅಳೆದು ಪ್ರಮಾಣಪತ್ರ ಕೊಡುವ ಪದ್ಧತಿ ಕೇಂದ್ರದ ಕೌಶಲ ಯೋಜನೆಯಲ್ಲಿ ಈಗಾಗಲೇ ಇದೆ. ಐಟಿಐಗಳಲ್ಲಿ ಲ್ಯಾಬುಗಳಿವೆ. ಕನ್ನಡದಲ್ಲಿ, ಯಂತ್ರದ ಮುಂದೆ ನಿಲ್ಲಿಸಿ, ಕೈಕೆಲಸ ನೋಡಿ ಪರ್ಮಿಟ್ ಕೊಡಲಿ. ಅದಿಲ್ಲದವನಿಗೆ ಅಂಗಡಿಯವರು ಸಿಲಿಂಡರ್ ಮಾರದಿರಲಿ. ಅಂಥ ಪರೀಕ್ಷೆ ಮೈಸೂರಿನಲ್ಲಿ ನಡೆಯುವುದಾದರೆ ನನ್ನ ಹುಡುಗರನ್ನು ಕರೆದುಕೊಂಡು ನಾನೂ ಸಾಲಿನಲ್ಲಿ ನಿಲ್ಲುತ್ತೇನೆ, ಅದು ಏಪ್ರಿಲ್ ತಿಂಗಳಲ್ಲಿ ಮಾತ್ರ ಬೇಡ.