ದಂತಕತೆಯಿಂದ ಲೆಕ್ಕದ ಪುಸ್ತಕಕ್ಕೆ

2024ರ ಮೇ 29ರಂದು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತನ್ನ ದಾಖಲೆ ಪುಸ್ತಕದ ಮೊದಲ ಸಾಲನ್ನೇ ತಿದ್ದಿತು. ವೃತ್ತಿಜೀವನದ ಬ್ಯಾಟಿಂಗ್ ಸರಾಸರಿಯ ಪಟ್ಟಿಯಲ್ಲಿ ತಲೆಮಾರುಗಳಿಂದ ಅಲುಗಾಡದೆ ಕೂತಿದ್ದ ಟೈ ಕಾಬ್ (.367) ಎರಡನೇ ಸ್ಥಾನಕ್ಕೆ ಇಳಿದರು. ಅವರ ಜಾಗಕ್ಕೆ ಬಂದವರು ಜಾಶ್ ಗಿಬ್ಸನ್. ಸರಾಸರಿ .372, ಅಂದರೆ ಸಾವಿರ ಸಲ ಬ್ಯಾಟ್ ಹಿಡಿದರೆ 372 ಹಿಟ್. ಒಂದೇ ಋತುವಿನ ಅತ್ಯುತ್ತಮ ಸರಾಸರಿಯೂ (1943ರ .466) ಅವರದಾಯಿತು. ಪ್ರತಿ ಸರದಿಗೆ ಎಷ್ಟು ಬೇಸ್ ಗಳಿಕೆ ಎಂದು ಅಳೆಯುವ ಸ್ಲಗಿಂಗ್ ಪಟ್ಟಿಯಲ್ಲಿ ಬೇಬ್ ರೂತ್ ಅವರ .690 ಅನ್ನು ಗಿಬ್ಸನ್ ಅವರ .718 ಹಿಂದಿಕ್ಕಿತು. ಹೀಗೆ ಕಾಬ್ ಮತ್ತು ರೂತ್ ಇಬ್ಬರನ್ನೂ ಒಂದೇ ದಿನ ದಾಟಿದ ಈ ಮನುಷ್ಯ 77 ವರ್ಷಗಳ ಹಿಂದೆಯೇ ತೀರಿಕೊಂಡಿದ್ದರು. ಬದುಕಿದ್ದಾಗ ಮೇಜರ್ ಲೀಗ್‌ನ ಯಾವ ತಂಡವೂ ಅವರನ್ನು ಒಂದು ದಿನದ ಮಟ್ಟಿಗೂ ಸೇರಿಸಿಕೊಂಡಿರಲಿಲ್ಲ. ಕಾರಣ ಮೈಬಣ್ಣ. ಈ ತಿದ್ದುಪಡಿಯನ್ನು ಅನೇಕರು ಸಂಭ್ರಮಿಸಿದರು, ಅಷ್ಟೇ ಮಂದಿ ಮೂಗು ಮುರಿದರು. ತಿದ್ದುಪಡಿ ಸರಿ ಎಂಬುದು ಈ ಲೇಖನದ ವಾದ. ಅದಕ್ಕೆ ಪಶ್ಚಾತ್ತಾಪ, ಪರಿಹಾರದಂಥ ಮಾತುಗಳ ಆಸರೆ ಬೇಕಿಲ್ಲ, ಲೆಕ್ಕವೇ ಸಾಕು.

ಬದುಕಿನ ವಿವರ ಚುಟುಕು. 1911ರ ಡಿಸೆಂಬರ್ 21ರಂದು ಜಾರ್ಜಿಯಾದ ಬ್ಯೂನಾ ವಿಸ್ಟಾದಲ್ಲಿ ಜನನ. ತಂದೆ ಉಕ್ಕಿನ ಕಾರ್ಖಾನೆಯ ಕೆಲಸ ಹುಡುಕಿಕೊಂಡು ಪಿಟ್ಸ್‌ಬರ್ಗ್‌ಗೆ ಹೋದರು, ಸಂಸಾರ ಹಿಂದೆಯೇ ಹೋಯಿತು. 1930ರಲ್ಲಿ, ಹದಿನೆಂಟರ ಹರೆಯದಲ್ಲಿ, ಹೋಮ್‌ಸ್ಟೆಡ್ ಗ್ರೇಸ್ ತಂಡಕ್ಕೆ ಕ್ಯಾಚರ್. ಅದೇ ವರ್ಷ ಅವಳಿ ಮಕ್ಕಳನ್ನು ಹೆತ್ತು ಹೆಂಡತಿ ಹೆಲೆನ್ ತೀರಿಕೊಂಡರು. 1932ರಿಂದ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್‌ನಲ್ಲಿ ಸ್ಯಾಚೆಲ್ ಪೇಜ್, ಆಸ್ಕರ್ ಚಾರ್ಲ್‌ಸ್ಟನ್, ಕೂಲ್ ಪಾಪಾ ಬೆಲ್ ಅಂಥವರ ಜೊತೆ ಆಟ. 1937ರಲ್ಲಿ ಮತ್ತೆ ಗ್ರೇಸ್. ನಡುವೆ ಡೊಮಿನಿಕನ್ ಗಣರಾಜ್ಯ, ಮೆಕ್ಸಿಕೊ, ಪೋರ್ಟೊ ರಿಕೊ. ಕೂತಲ್ಲಿ ಸಂಬಳ ಕೊಡುವ ಲೀಗ್ ಇರಲಿಲ್ಲ, ಕರೆದಲ್ಲಿಗೆ ಹೋಗಿ ಆಡಬೇಕಿತ್ತು. 1943ರ ಹೊಸ ವರ್ಷದ ದಿನವೇ ಅವರು ಪ್ರಜ್ಞೆ ತಪ್ಪಿ ಬಿದ್ದರು. ಮಿದುಳಿನಲ್ಲಿ ಗಡ್ಡೆ ಎಂದು ಗೊತ್ತಾಯಿತು, ಶಸ್ತ್ರಚಿಕಿತ್ಸೆ ಬೇಡವೆಂದರು. ಮೇಲೆ ಹೇಳಿದ .466 ಬಂದದ್ದು ಅದೇ ವರ್ಷ.

ಇನ್ನು ಎಂಟುನೂರರ ಕಥೆಗೆ ಬರಬೇಕು. ಗಿಬ್ಸನ್ ಬಗ್ಗೆ ಯಾರೇ ಮಾತಾಡಲಿ, ಅದರ ಬಳಿ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗಲಾಗದು. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್ 1972ರಲ್ಲಿ ಅವರನ್ನು ಬರಮಾಡಿಕೊಂಡಾಗ ಕಂಚಿನ ಫಲಕದ ಮೇಲೆ, 17 ವರ್ಷಗಳ ಲೀಗ್ ಹಾಗೂ ಸ್ವತಂತ್ರ ಪಂದ್ಯಗಳಲ್ಲಿ ಹೆಚ್ಚುಕಡಿಮೆ 800 ಹೋಮ್ ರನ್ ಹೊಡೆದವರೆಂದು ಕೆತ್ತಿಸಿತು. ಇಂದು ಅಧಿಕೃತ ಪುಸ್ತಕ ತೆರೆದರೆ ಅವರ ಹೆಸರಿನ ಮುಂದಿರುವ ಹೋಮ್ ರನ್‌ಗಳ ಸಂಖ್ಯೆ ಇನ್ನೂರನ್ನೂ ಮುಟ್ಟುವುದಿಲ್ಲ. ಉಳಿದ ಆರುನೂರು ಎಲ್ಲಿ ಹೋದವು? ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಕಪ್ಪು ತಂಡಗಳು ವರ್ಷಕ್ಕೆ ನೂರಾರು ಪಂದ್ಯ ಆಡುತ್ತಿದ್ದವು, ಅವುಗಳಲ್ಲಿ ಲೀಗ್ ಪಂದ್ಯಗಳು ಕೆಲವೇ. ಮಿಕ್ಕವು ಬಸ್ಸಿನಲ್ಲಿ ಊರೂರು ಸುತ್ತಿ, ಆಯಾ ಊರಿನ ಕಾರ್ಖಾನೆ ತಂಡವೋ ಅರೆವೃತ್ತಿಪರ ತಂಡವೋ ಯಾವುದು ಸಿಕ್ಕರೆ ಅದರ ವಿರುದ್ಧ ಆಡಿದಂಥವು. ಅಲ್ಲಿ ಟಿಕೆಟ್ ಹಣ ಎಣಿಸುವವರು ಇದ್ದರು, ಹೊಡೆತ ಬರೆದಿಡುವವರು ಯಾವಾಗಲೂ ಇರಲಿಲ್ಲ. ಬರೆದಿಡದ ಜಾಗವನ್ನು ಬಾಯಿಮಾತು ತುಂಬಿತು. ಒಂದು ಕಥೆ ಹೀಗಿದೆ. ಗಿಬ್ಸನ್ ಪಿಟ್ಸ್‌ಬರ್ಗ್‌ನಲ್ಲಿ ಹೊಡೆದ ಚೆಂಡು ಆಕಾಶಕ್ಕೆ ಹೋದದ್ದು ಇಳಿಯಲೇ ಇಲ್ಲ. ಮರುದಿನ ಫಿಲಡೆಲ್ಫಿಯಾದಲ್ಲಿ ಪಂದ್ಯ ನಡೆಯುತ್ತಿರುವಾಗ ಮೇಲಿನಿಂದ ಒಂದು ಚೆಂಡು ಬಿತ್ತು, ಎದುರಾಳಿ ತಂಡದವನು ಹಿಡಿದ. ಅಂಪೈರ್ ಗಿಬ್ಸನ್ ಕಡೆ ಬೆರಳು ತೋರಿಸಿ, ನೀನು ನಿನ್ನೆ ಪಿಟ್ಸ್‌ಬರ್ಗ್‌ನಲ್ಲಿ ಔಟ್ ಎಂದ. ಇದನ್ನು ಕಟ್ಟಿದವರಿಗೆ ಆ ಮನುಷ್ಯನ ಮೇಲೆ ಎಷ್ಟು ಪ್ರೀತಿ ಇದ್ದಿರಬೇಕು! ನಮ್ಮ ಹಳ್ಳಿಗಳಲ್ಲಿ ಜಟ್ಟಿಗಳ ಬಗ್ಗೆ ಇಂಥ ಕಥೆ ಹುಟ್ಟುವುದೂ ಹೀಗೆಯೇ, ಅಳತೆಗೆ ಸಿಗದ ಬಲವನ್ನು ಜನ ತಮಗೆ ತೋಚಿದ ಅಳತೆಯಲ್ಲಿ ಹಿಡಿಯುತ್ತಾರೆ.

ಆದರೆ ಈ ಪ್ರೀತಿಯ ಕಥೆಗಳೇ ಗಿಬ್ಸನ್‌ಗೆ ಒಂದು ಅನ್ಯಾಯವನ್ನೂ ಮಾಡಿದವು. ದಂತಕತೆಯ ಮನುಷ್ಯನನ್ನು ಯಾರ ಪಕ್ಕದಲ್ಲೂ ನಿಲ್ಲಿಸಿ ಅಳೆಯಬೇಕಾಗಿಲ್ಲ. ‘ಕಪ್ಪು ಬೇಬ್ ರೂತ್’ ಎಂದು ಕರೆದುಬಿಟ್ಟರೆ ಹೊಗಳಿದಂತೆಯೂ ಆಯಿತು, ಅಸಲಿ ರೂತ್ ಬೇರೆಯೇ ಎಂದು ಹೇಳಿದಂತೆಯೂ ಆಯಿತು. ಕ್ರಿಕೆಟ್‌ನಲ್ಲಿ ವೆಸ್ಟ್ ಇಂಡೀಸ್‌ನ ಜಾರ್ಜ್ ಹೆಡ್ಲಿ ಅವರನ್ನು ‘ಕಪ್ಪು ಬ್ರಾಡ್ಮನ್’ ಎಂದರು. ಹೆಡ್ಲಿ ಆಡಿದ 22 ಟೆಸ್ಟ್‌ಗಳ ಅಂಕಿಅಂಶವಾದರೂ ಬ್ರಾಡ್ಮನ್ ಇರುವ ಪುಸ್ತಕದಲ್ಲೇ ಇತ್ತು. 60.83 ಸರಾಸರಿಯನ್ನು ಯಾರೂ ಪಕ್ಕಕ್ಕೆ ಸರಿಸಲಾಗಲಿಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಲೂ ಅವರ ಸಂಗತಿಯೂ ಇದನ್ನೇ ಹೇಳುತ್ತದೆ. ದಲಿತನೆಂಬ ಕಾರಣಕ್ಕೆ ಪುಣೆಯಲ್ಲಿ ಅವರಿಗೆ ಸಹ ಆಟಗಾರರಿಂದ ದೂರ, ಬೇರೆ ಲೋಟದಲ್ಲಿ ಚಹಾ ಕೊಟ್ಟರು, ಹಿಂದೂ ತಂಡದ ನಾಯಕತ್ವವನ್ನು ತಪ್ಪಿಸಿದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು ಕಿತ್ತ ನೂರಕ್ಕೂ ಹೆಚ್ಚು ವಿಕೆಟ್‌ಗಳನ್ನು ಮಾತ್ರ ಯಾರಿಂದಲೂ ಕಸಿಯಲಾಗಲಿಲ್ಲ, ಏಕೆಂದರೆ ಅವು ಸ್ಕೋರ್ ಪುಸ್ತಕದಲ್ಲಿದ್ದವು. ಗಿಬ್ಸನ್‌ಗೆ ಆ ಪುಸ್ತಕವೇ ಇರಲಿಲ್ಲ.

ಅದನ್ನು ಕಟ್ಟಿಕೊಟ್ಟವರು ಸಂಶೋಧಕರು. ಪಿಟ್ಸ್‌ಬರ್ಗ್ ಕೊರಿಯರ್, ಶಿಕಾಗೊ ಡಿಫೆಂಡರ್‌ನಂಥ ಕಪ್ಪುಜನರ ವಾರಪತ್ರಿಕೆಗಳ ಹಳೆಯ ಪುಟಗಳಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿದ್ದ ಬಾಕ್ಸ್ ಸ್ಕೋರ್‌ಗಳನ್ನು ಲ್ಯಾರಿ ಲೆಸ್ಟರ್, ಗ್ಯಾರಿ ಆಶ್‌ವಿಲ್ ಮೊದಲಾದವರು ದಶಕಗಳ ಕಾಲ ಹೆಕ್ಕಿದರು. ಬಾಕ್ಸ್ ಸ್ಕೋರ್ ಎಂದರೆ ಬೆರಳಗಲದ ಕೋಷ್ಟಕ. ಒಂದೊಂದು ಹೆಸರಿನ ಮುಂದೆ ಎಷ್ಟು ಸರದಿ, ಎಷ್ಟು ರನ್, ಎಷ್ಟು ಹಿಟ್ ಎಂಬ ಅಂಕಿಗಳು, ಕೆಳಗೆ ಒಟ್ಟು ಮೊತ್ತ. ಒಂದು ಸಾಲಿನಲ್ಲಿ ಅಚ್ಚಿನ ತಪ್ಪಿದ್ದರೆ ಮೊತ್ತ ಕೂಡಿದಾಗ ಸಿಕ್ಕಿಬೀಳುತ್ತದೆ. 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಬೇಸ್‌ಬಾಲ್, 1920ರಿಂದ 1948ರವರೆಗಿನ, ಕಪ್ಪು ಆಟಗಾರರ ಏಳು ನೀಗ್ರೊ ಲೀಗ್‌ಗಳನ್ನು ತನಗೆ ಸಮಾನವೆಂದು ಒಪ್ಪಿತು. ಇತಿಹಾಸಕಾರ ಜಾನ್ ಥಾರ್ನ್ ನೇತೃತ್ವದ ಸಮಿತಿ ಅಂಕಿಗಳನ್ನು ಪರಿಶೀಲಿಸಿ ಸೇರಿಸಲು ಇನ್ನೂ ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಬಾಯಿಮಾತಿಗೆ ಅಲ್ಲಿ ಬೆಲೆ ಇರಲಿಲ್ಲ. ಎಂಟುನೂರು ಕರಗಿ ಇನ್ನೂರಕ್ಕಿಂತ ಕಡಿಮೆಯಾದದ್ದು ಈ ಬಿಗಿಯಿಂದ. ಕಪ್ಪು ಆಟಗಾರರಿಗೆ ದಾಖಲೆ ದಾನ ಮಾಡಿದರು ಎನ್ನುವವರು ಇದನ್ನು ಗಮನಿಸಬೇಕು. ದಾನ ಮಾಡುವ ಮನಸ್ಸಿದ್ದರೆ ಆ ಆರುನೂರು ಹೋಮ್ ರನ್‌ಗಳನ್ನು ಯಾರೂ ಅಳಿಸುತ್ತಿರಲಿಲ್ಲ.

ಮೊದಲ ಆಕ್ಷೇಪ ಪಂದ್ಯಗಳ ಸಂಖ್ಯೆಯದು, ಅದರಲ್ಲಿ ಹುರುಳಿದೆ. ಕಾಬ್ 24 ಋತು ಆಡಿ ಹನ್ನೊಂದು ಸಾವಿರಕ್ಕೂ ಹೆಚ್ಚು ಸಲ ಬ್ಯಾಟ್ ಬೀಸಿದವರು. ಗಿಬ್ಸನ್ ಅವರ ಲೆಕ್ಕಕ್ಕೆ ಸಿಕ್ಕ ಸರದಿಗಳು ಎರಡು ಸಾವಿರಕ್ಕಿಂತ ತುಸು ಹೆಚ್ಚು. ಋತು ಚಿಕ್ಕದಾದಷ್ಟೂ ಸರಾಸರಿ ಏರಿಳಿಯುವುದು ಸಹಜ. ಹೀಗಾಗಿ 1894ರ ಹ್ಯೂ ಡಫಿ ಅವರ .440 ಅನ್ನು ಕೆಳಗಿಳಿಸಿದ .466 ಅನ್ನು ಸ್ವಲ್ಪ ಎಚ್ಚರದಿಂದ ಓದಬೇಕು ಎಂದರೆ ಒಪ್ಪಬಹುದು. ಇಡೀ ವೃತ್ತಿಜೀವನದ ಸರಾಸರಿಗೆ ಈ ವಾದ ಅಷ್ಟು ತಟ್ಟುವುದಿಲ್ಲ. ಹದಿನೈದು ವರ್ಷಗಳಿಗೂ ಮೀರಿ ಹರಡಿದ ಎರಡು ಸಾವಿರ ಸರದಿಗಳನ್ನು ಅದೃಷ್ಟದ ಆಟ ಎನ್ನಲಾಗದು. ಬ್ರಾಡ್ಮನ್ 99.94 ಗಳಿಸಿದ್ದು 80 ಇನಿಂಗ್ಸ್‌ಗಳಲ್ಲಿ, ಇಂದಿನವರು ಅದರ ಎರಡು ಮೂರು ಪಟ್ಟು ಆಡುತ್ತಾರೆಂದು ಆ ಸಂಖ್ಯೆಯನ್ನು ಯಾರೂ ಪಟ್ಟಿಯಿಂದ ಕೀಳುವುದಿಲ್ಲ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಆ ಋತುಗಳು ಚಿಕ್ಕದಾದದ್ದು ಯಾಕೆ? ಕಪ್ಪು ತಂಡಗಳು ಹೆಚ್ಚಾಗಿ ಬಿಳಿಯರ ಕ್ರೀಡಾಂಗಣವನ್ನು ಬಾಡಿಗೆಗೆ ಹಿಡಿದು, ಅಲ್ಲಿನ ತಂಡ ಪರವೂರಿಗೆ ಹೋದ ದಿನಗಳಲ್ಲಿ ಆಡಬೇಕಿತ್ತು. ವಾಷಿಂಗ್ಟನ್‌ನ ಗ್ರಿಫಿತ್ ಸ್ಟೇಡಿಯಂನಲ್ಲಿ ಗ್ರೇಸ್ ಆಡಿದ್ದೂ ಹಾಗೆ. ಬಾಗಿಲು ಹಾಕಿದವರೇ, ನೀನು ಒಳಗೆ ಕಡಿಮೆ ಹೊತ್ತು ಇದ್ದೆ ಎಂದು ಲೆಕ್ಕ ಕೇಳುವುದು ನ್ಯಾಯವಲ್ಲ.

ಎರಡನೇ ಆಕ್ಷೇಪ, ಎದುರಾಳಿಗಳು ದುರ್ಬಲರಿದ್ದರು ಎಂಬುದು. ಇದಕ್ಕೆ ಇತಿಹಾಸವೇ ಉತ್ತರ ಕೊಟ್ಟಾಗಿದೆ. 1947ರಲ್ಲಿ ಮೇಜರ್ ಲೀಗ್ ಕಪ್ಪು ಆಟಗಾರರಿಗೆ ಬಾಗಿಲು ತೆರೆದ ಮೇಲೆ ಏನಾಯಿತು ನೋಡಿ. 1949ರಿಂದ 1959ರವರೆಗಿನ ಹನ್ನೊಂದು ವರ್ಷಗಳಲ್ಲಿ ನ್ಯಾಷನಲ್ ಲೀಗ್‌ನ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಒಂಬತ್ತು ಸಲ ನೀಗ್ರೊ ಲೀಗ್‌ಗಳಲ್ಲಿ ಆಡಿ ಬಂದವರ ಪಾಲಾಯಿತು. ಜಾಕಿ ರಾಬಿನ್ಸನ್, ವಿಲ್ಲಿ ಮೇಸ್, ಡಾನ್ ನ್ಯೂಕೋಮ್, ಹ್ಯಾಂಕ್ ಆರನ್ ತಲಾ ಒಂದು, ಅರ್ನಿ ಬ್ಯಾಂಕ್ಸ್ ಎರಡು, ರಾಯ್ ಕಾಂಪನೆಲ್ಲಾ ಮೂರು. ಕಾಂಪನೆಲ್ಲಾ ಕೂಡ ಕ್ಯಾಚರ್, ಗಿಬ್ಸನ್ ಎದುರು ಆಡಿ ಬೆಳೆದವರು. ಇಂಥವರನ್ನು ತಯಾರು ಮಾಡಿದ ಲೀಗ್ ದುರ್ಬಲವಾಗಿತ್ತೆಂದರೆ ನಂಬುವುದು ಹೇಗೆ? ಸಮಾನತೆಯ ಪ್ರಶ್ನೆಯನ್ನು ತಿರುಗಿಸಿಯೂ ಕೇಳಬೇಕು. ಕಾಬ್ ಆಗಲಿ ರೂತ್ ಆಗಲಿ ತಮ್ಮ ಲೀಗ್ ಪಂದ್ಯಗಳಲ್ಲಿ ಸ್ಯಾಚೆಲ್ ಪೇಜ್‌ನಂಥ ಪಿಚರ್ ಒಬ್ಬನನ್ನೂ ಎದುರಿಸಬೇಕಾಗಿರಲಿಲ್ಲ. ಅವರ ಅಂಕಿಗಳೂ ಅರ್ಧ ದೇಶದ ಅಂಕಿಗಳೇ. ಹಳೆಯ ದಾಖಲೆಗಳು ಶಿಲಾಶಾಸನ ಎಂಬ ಭಾವನೆಯೂ ಸರಿಯಲ್ಲ. 1910ರಲ್ಲಿ ಕಾಬ್ ಆಡಿದ ಒಂದು ಪಂದ್ಯವನ್ನು ಎರಡು ಸಲ ಎಣಿಸಿದ್ದರೆಂದು ಎಷ್ಟೋ ದಶಕಗಳ ನಂತರ ಪತ್ತೆಯಾಯಿತು. ಹಾಗಾಗಿ ಅವರ ಸರಾಸರಿ ಕೆಲವು ಪುಸ್ತಕಗಳಲ್ಲಿ .367, ಇನ್ನು ಕೆಲವದರಲ್ಲಿ .366 ಎಂದಿದೆ.

ಈ ಗದ್ದಲದಲ್ಲಿ ಹೆಚ್ಚಿನವರು ಮರೆತ ಸಂಗತಿ ಒಂದಿದೆ, ಗಿಬ್ಸನ್ ಕ್ಯಾಚರ್ ಆಗಿದ್ದರು. ಕ್ಯಾಚರ್ ಕೆಲಸ ನಮ್ಮ ವಿಕೆಟ್ ಕೀಪರ್ ಕೆಲಸದಂತೆ ಕಂಡರೂ ಅದಕ್ಕಿಂತ ಕ್ರೂರ. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಕವಚ, ಮೊಣಕಾಲಿಗೆ ರಕ್ಷೆ ಕಟ್ಟಿಕೊಂಡು, ಬೀಸುವ ಬ್ಯಾಟಿನ ಬೆನ್ನಿಗೇ ಕುಕ್ಕರಗಾಲಲ್ಲಿ ಕೂರಬೇಕು. ಅರವತ್ತು ಅಡಿ ದೂರದಿಂದ ಬರುವ ಪ್ರತಿ ಎಸೆತಕ್ಕೂ ಕೂತು ಏಳಬೇಕು, ಒಂದು ಪಂದ್ಯಕ್ಕೆ ನೂರಕ್ಕೂ ಹೆಚ್ಚು ಸಲ. ಯಾವ ಎಸೆತ ಎಂದು ಪಿಚರ್‌ಗೆ ತೊಡೆಗಳ ನಡುವೆ ಬೆರಳಲ್ಲಿ ಸನ್ನೆ ಮಾಡಬೇಕು, ಬೇಸ್ ಕದಿಯಲು ಓಡುವವನನ್ನು ಕ್ಷಣದಲ್ಲಿ ಎದ್ದು ಎಸೆದು ಕೆಡವಬೇಕು. ಗಿಬ್ಸನ್ ಕಾಲದಲ್ಲಿ ಎರಡೂ ಕೈ ಒಡ್ಡಿ ಹಿಡಿಯುವುದೇ ಪದ್ಧತಿ. ಬ್ಯಾಟಿನ ಅಂಚಿಗೆ ತಾಗಿ ತಿರುಗಿದ ಚೆಂಡು ಗ್ಲೌಸಿಲ್ಲದ ಬಲಗೈಯ ಬೆರಳುಗಳನ್ನು ಮುರಿಯುತ್ತಿತ್ತು, ಅದೇ ಕೈಯಲ್ಲಿ ಆಮೇಲೆ ಬ್ಯಾಟ್ ಹಿಡಿಯಬೇಕು. ಈ ದುಡಿಮೆ ಬ್ಯಾಟಿಂಗನ್ನು ಎಷ್ಟು ತಿನ್ನುತ್ತದೆ ಎಂಬುದಕ್ಕೆ ಲೆಕ್ಕವಿದೆ. 1901ರಿಂದ ಈಚೆಗೆ ನ್ಯಾಷನಲ್ ಮತ್ತು ಅಮೆರಿಕನ್ ಲೀಗ್‌ಗಳಲ್ಲಿ ಬ್ಯಾಟಿಂಗ್ ಸರಾಸರಿಯ ಕಿರೀಟ ಗೆದ್ದ ಕ್ಯಾಚರ್‌ಗಳು ನಾಲ್ವರೇ: 1926ರಲ್ಲಿ ಬಬಲ್ಸ್ ಹಾರ್‌ಗ್ರೇವ್, 1938 ಮತ್ತು 1942ರಲ್ಲಿ ಅರ್ನಿ ಲೊಂಬಾರ್ಡಿ, 2006, 2008 ಮತ್ತು 2009ರಲ್ಲಿ ಜೋ ಮಾವರ್, 2012ರಲ್ಲಿ ಬಸ್ಟರ್ ಪೋಸಿ. ಕ್ರಿಕೆಟ್‌ನಲ್ಲಿ ಕುಮಾರ ಸಂಗಕ್ಕಾರ ಕೀಪರ್ ಆಗಿ ಆಡಿದ ಟೆಸ್ಟ್‌ಗಳಲ್ಲಿ 40.48, ಗ್ಲೌಸ್ ಕಳಚಿಟ್ಟ ಮೇಲೆ 66.78 ಸರಾಸರಿಯಲ್ಲಿ ರನ್ ಗಳಿಸಿದ್ದನ್ನು ನೆನೆದರೆ ವ್ಯತ್ಯಾಸ ಅರ್ಥವಾಗುತ್ತದೆ. ಒಂದೇ ದಿನ ಎರಡೆರಡು ಪಂದ್ಯ, ಬಸ್ಸಿನ ಸೀಟಿನಲ್ಲಿ ನಿದ್ದೆ, ಕಪ್ಪುಜನರಿಗೆ ಊಟ ಬಡಿಸದ ಹೋಟೆಲುಗಳ ರಸ್ತೆ, ಇವುಗಳ ನಡುವೆ ಗಿಬ್ಸನ್ .372 ಗಳಿಸಿದರು. ವಾಷಿಂಗ್ಟನ್ನಿನ ಮಹಾ ಪಿಚರ್ ವಾಲ್ಟರ್ ಜಾನ್ಸನ್ ಅವರ ಆಟ ನೋಡಿ, ತೂಗುಕುರ್ಚಿಯಲ್ಲಿ ಕೂತಷ್ಟು ಸಲೀಸಾಗಿ ಚೆಂಡು ಹಿಡಿಯುತ್ತಾರೆಂದೂ ಎರಡು ಲಕ್ಷ ಡಾಲರ್ ಬಾಳುವ ಆಟಗಾರನೆಂದೂ ಹೇಳಿದ್ದರು. ಆ ಬೆಲೆ ಕೊಡಲು ಯಾರೂ ಮುಂದೆ ಬರಲಿಲ್ಲ.

ಗಿಬ್ಸನ್ ಪಿಟ್ಸ್‌ಬರ್ಗ್‌ನಲ್ಲಿ ತೀರಿಕೊಂಡದ್ದು 1947ರ ಜನವರಿ 20ರಂದು, 35ನೇ ವಯಸ್ಸಿಗೆ. 85 ದಿನಗಳ ನಂತರ, ಏಪ್ರಿಲ್ 15ರಂದು, ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಅಂಗಳಕ್ಕೆ ಇಳಿದರು. ಅಲಿಗೆನಿ ಸ್ಮಶಾನದಲ್ಲಿ ಗಿಬ್ಸನ್ ಸಮಾಧಿಯ ಮೇಲೆ 1975ರವರೆಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ. ಆಮೇಲೆ ನೆಟ್ಟ ಕಲ್ಲಿನಲ್ಲೂ ಅವರನ್ನು ದಂತಕತೆಯ ಆಟಗಾರ ಎಂದೇ ಬರೆಸಿದ್ದಾರೆ. ಕಲ್ಲಿನ ಆ ಮಾತು ಹಾಗೇ ಇರಲಿ. ಮುಂದೆ ಇನ್ನಷ್ಟು ಹಳೆಯ ಪತ್ರಿಕೆಗಳು ಸಿಕ್ಕಿ ಅವರ ಸರಾಸರಿಯ ಕೊನೆಯ ಅಂಕಿ ಅತ್ತಿತ್ತ ಆಗಬಹುದು, ಅದೂ ಆಗಲಿ, ಲೆಕ್ಕ ಇರುವುದೇ ತಿದ್ದಲಿಕ್ಕೆ. 2024ರ ಮೇ ತಿಂಗಳಲ್ಲಿ ಹೊರಬಿದ್ದ ಪಟ್ಟಿಯ ಮೊದಲ ಹತ್ತು ಹೆಸರುಗಳಲ್ಲಿ ಐದು ನೀಗ್ರೊ ಲೀಗ್‌ಗಳಿಂದ ಬಂದವು: ಗಿಬ್ಸನ್, ಚಾರ್ಲ್‌ಸ್ಟನ್, ಜಡ್ ವಿಲ್ಸನ್, ಟರ್ಕಿ ಸ್ಟರ್ನ್ಸ್, ಬಕ್ ಲೆನರ್ಡ್. ಆ ಹತ್ತು ಮಂದಿಯಲ್ಲಿ ಕ್ಯಾಚರ್ ಒಬ್ಬರೇ, ಅವರ ಹೆಸರು ಎಲ್ಲರಿಗಿಂತ ಮೇಲಿದೆ.